ಲೋಡ್ ಆಗಲೆಂದು ಬಿಟ್ಟ ಕ್ಯಾಸೆಟ್ಟು

“ಅಂಕಲ್, ಇದು ಲೋಡ್ ಆಗ್ತಾನೇ ಇಲ್ಲ.”

ಹೀಗೆ ಹೇಳಿ ಆ ಹುಡುಗಿ ನನ್ನ ಮೇಜಿನ ಮೇಲೆ ಇಟ್ಟದ್ದು ಮೊಬೈಲನ್ನೂ ಅಲ್ಲ, ಲ್ಯಾಪ್‌ಟಾಪನ್ನೂ ಅಲ್ಲ, ಒಂದು ಹಳೆಯ ಟೇಪ್ ರೆಕಾರ್ಡರನ್ನು. ಅದರ ಹೊಟ್ಟೆಯೊಳಗೆ ಒಂದು ಕ್ಯಾಸೆಟ್ಟಿತ್ತು. ಮಸ್ಕತ್ತಿನ ಅಲ್ ಗುಬ್ರಾದ ನನ್ನ ರಿಪೇರಿ ಅಂಗಡಿಗೆ ಈಗ ಬರುವುದೆಲ್ಲ ಒಡೆದ ಸ್ಕ್ರೀನು, ಉಬ್ಬಿದ ಬ್ಯಾಟರಿ. ಟೇಪ್ ರೆಕಾರ್ಡರಿನ ಮುಖ ನೋಡದೆ ಎಷ್ಟೋ ಕಾಲವಾಗಿತ್ತು. ನೆಂಟರು ಬಂದಷ್ಟು ಖುಷಿಯಾಯಿತು. ಲೋಡ್ ಎಂಬ ಮಾತಿಗೆ ನಗುವೂ ಬಂತು.

“ಲೋಡ್ ಆಗ್ಲಿಕ್ಕೆ ಇದೇನು ಲಾರಿಯಾ ಮಗಳೇ?” ಎಂದೆ.

ಅವಳು ನಗಲಿಲ್ಲ. ಖುರುಮಿನ ಯಾವುದೋ ಆಫೀಸಿನ ಗುರುತಿನ ಚೀಟಿ ಕೊರಳಲ್ಲಿ ಹಾಗೇ ನೇತಾಡುತ್ತಿತ್ತು. ಕೆಲಸ ಮುಗಿಸಿ ನೇರ ಇಲ್ಲಿಗೆ ಕಾರು ಓಡಿಸಿಕೊಂಡು ಬಂದಿದ್ದಳು. “ಐ ಆಮ್ ಸೀರಿಯಸ್ ಅಂಕಲ್. ಇದರಲ್ಲಿ ನನ್ನ ಅಮ್ಮನ ವಾಯ್ಸ್ ಉಂಟು. ನಾನು ಅದನ್ನು ಒಮ್ಮೆಯೂ ಕೇಳಿಲ್ಲ” ಎಂದಳು.

ನನ್ನ ನಗು ಅಲ್ಲಿಗೆ ನಿಂತಿತು. ಕುರ್ಚಿ ಎಳೆದು ಕೂರಿಸಿ ವಿಷಯ ಕೇಳಿದೆ. ಅವಳಿಗೆ ಒಂದೂವರೆ ವರ್ಷವಾಗಿದ್ದಾಗ ತಾಯಿ ಕುಂದಾಪುರದ ಹತ್ತಿರದ ಊರಲ್ಲಿ ಜ್ವರ ಬಂದು ತೀರಿಹೋದರಂತೆ. ಅಪ್ಪ ಆಗ ಮಸ್ಕತ್ತಿನಲ್ಲಿ ಕೆಲಸಕ್ಕಿದ್ದರು. ಮಗುವನ್ನು ಇಲ್ಲಿಗೇ ಕರೆಸಿಕೊಂಡು, ಅಲ್ ಗುಬ್ರಾದಲ್ಲಿ ಸಂಸಾರ ಹೂಡಿದ್ದ ತಂಗಿಯ ಕೈಗೆ ಕೊಟ್ಟರು. ಈಗ ಅಪ್ಪ ದೂರದ ದುಕ್ಮ್ ಬಂದರಿನಲ್ಲಿ ಸೂಪರ್‌ವೈಸರು, ಇರುವುದು ಕಂಪನಿಯ ಕ್ಯಾಂಪಿನಲ್ಲಿ. ರಜೆ ಸಿಕ್ಕಾಗ ಕಂಪನಿ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ತಾಯಿಯ ಫೋಟೋಗಳಿವೆ, ವಿಡಿಯೋ ಇಲ್ಲ. ಸ್ವರ ಅಂತ ಇರುವುದು ಈ ಕ್ಯಾಸೆಟ್ಟಿನಲ್ಲಿ ಮಾತ್ರ. ಕಳೆದ ಸಲ ಅಪ್ಪ ಬಂದಾಗ ಪೆಟ್ಟಿಗೆಯಿಂದ ತೆಗೆದು ಅವಳ ಕೈಯಲ್ಲಿಟ್ಟು, “ನಂಗೆ ಕೇಂಬುಕೆ ಧೈರ್ಯ ಇಲ್ಲೆ, ನೀನ್ ಕೇಣ್” ಎಂದು ಹೇಳಿ ಹೋಗಿದ್ದರು. ಅವಳು ಆನ್‌ಲೈನಿನಲ್ಲಿ ಹುಡುಕಿ ಹಳೆಯ ರೆಕಾರ್ಡರೊಂದನ್ನು ತರಿಸಿಕೊಂಡಿದ್ದಳು.

“ಫಸ್ಟ್ ಈ ಆ್ಯರೋ ಇರುವುದು ಒತ್ತಿದೆ ಅಂಕಲ್. ಚಕ್ರ ತಿರುಗಿತು, ಎಂತ ಸೌಂಡೂ ಇಲ್ಲ. ಸ್ಟಾಪ್ ಮಾಡಿ, ಡಬಲ್ ಆ್ಯರೋ ಒತ್ತಿ ಶುರುವಿಗೆ ತಂದೆ. ಮತ್ತೆ ಈ ರೆಡ್ ಬಟನ್ ಪವರ್ ಇರಬೇಕು ಅಂತ ಅದನ್ನು ಒತ್ತಿದೆ. ಎರಡೂ ಒಟ್ಟಿಗೆ ಕೆಳಗೆ ಹೋಯ್ತು, ಚಕ್ರ ಪುನಃ ತಿರುಗ್ಲಿಕ್ಕೆ ಶುರುವಾಯ್ತು. ಓಕೆ, ಲೋಡ್ ಆಗ್ತಾ ಉಂಟು, ಓಲ್ಡ್ ಅಲ್ವಾ, ಟೈಮ್ ತಕೊಳ್ತದೆ ಅಂತ ಹಾಗೇ ಬಿಟ್ಟೆ. ಕೊನೆಗೆ ಟಕ್ ಅಂತ ತಾನೇ ಆಫ್ ಆಯ್ತು.”

ರೆಕಾರ್ಡರನ್ನು ತಿರುಗಿಸಿ ನೋಡಿದೆ. ಪಕ್ಕದಲ್ಲಿ ಸ್ವರ ಹೆಚ್ಚು ಕಡಿಮೆ ಮಾಡುವ ಗಾಲಿ ಪೂರ್ತಿ ಕೆಳಗಿತ್ತು. ಅದು ಗಾಲಿ ಎಂದೇ ಅವಳಿಗೆ ಗೊತ್ತಿರಲಿಲ್ಲ. ಮೊದಲು ಒತ್ತಿದಾಗಲೇ ತಾಯಿ ಮಾತಾಡುತ್ತಿದ್ದರು, ಇವಳಿಗೆ ಕೇಳಿಸಲಿಲ್ಲ, ಅಷ್ಟೆ. ಕೆಂಪು ಗುಂಡಿ ಎಂದರೆ ರೆಕಾರ್ಡ್. ಅದನ್ನು ಒತ್ತಿದರೆ ಹಳೆಯ ದನಿ ಅಳಿಸುತ್ತ ಹೋಗುತ್ತದೆ, ಅದರ ಜಾಗದಲ್ಲಿ ಕೋಣೆಯ ಸದ್ದು ತುಂಬುತ್ತದೆ.

ಆದರೂ ಒಂದು ಆಸೆಯಿತ್ತು. ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಯಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಕೊಂಡಿಗಳಿರುತ್ತವೆ, ಒಂದೊಂದು ಬದಿಗೆ ಒಂದೊಂದು. ಆ ಕೊಂಡಿ ಮುರಿದರೆ ಆ ಬದಿಗೆ ರಕ್ಷಣೆ. ಕೆಂಪು ಗುಂಡಿಯನ್ನು ಹೆಬ್ಬೆರಳು ನೋಯುವಷ್ಟು ಒತ್ತಿದರೂ ಕೆಳಗೆ ಹೋಗುವುದಿಲ್ಲ. ಬೇಕಾದ ದನಿ ಅಳಿಯಬಾರದೆಂದು ನಮ್ಮ ಕಾಲದವರೆಲ್ಲ ಪೆನ್ನಿನ ಮೊನೆಯಿಂದ ಅದನ್ನು ಮುರಿಯುತ್ತಿದ್ದೆವು. ಮತ್ತೆ ಅದೇ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಬೇಕಾದರೆ ಆ ತೂತಿಗೆ ಸೆಲ್ಲೋ ಟೇಪು ಅಂಟಿಸಿದರೆ ಸಾಕು, ರಕ್ಷಣೆ ಹೋಯಿತು.

ಇವಳ ಕ್ಯಾಸೆಟ್ಟು ಹೊರತೆಗೆದೆ. ಎರಡೂ ಕೊಂಡಿ ಮುರಿದಿದ್ದವು. ಎರಡೂ ತೂತಿನ ಮೇಲೆ ಹಳದಿಯಾದ ಸೆಲ್ಲೋ ಟೇಪು ಅಂಟಿಕೊಂಡಿತ್ತು.

“ಎಂತ ಅಂಕಲ್? ಹೋಪ್ ಉಂಟಾ?”

“ನೋಡುವ ಮಗಳೇ. ಒಳಗೆ ಬೂಷ್ಟು ಹಿಡಿದಿದೆ, ಬಿಚ್ಚಬೇಕು. ಸ್ವಲ್ಪ ದಿನ ಕೊಡು” ಎಂದೆ. ಬೂಷ್ಟು ಹಿಡಿದದ್ದು ನಿಜ. ಉಳಿದದ್ದನ್ನು ಹೇಳಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಇಲ್ಲಿ ಅಂಗಡಿಗಳೆಲ್ಲ ಶಟರ್ ಎಳೆಯುತ್ತವೆ. ಮರುದಿನ ನಾನು ಮನೆಗೆ ಹೋಗದೆ ಶಟರ್ ಎಳೆದುಕೊಂಡು ಒಳಗೇ ಕೂತೆ. ಆ ಕ್ಯಾಸೆಟ್ಟಿನ ಚಿಪ್ಪು ಸ್ಕ್ರೂ ಇಲ್ಲದ ಜಾತಿಯದು, ಕಾರ್ಖಾನೆಯಲ್ಲೇ ಅಂಟಿಸಿ ಮುಚ್ಚಿದ್ದು. ತೆಳ್ಳಗಿನ ಬ್ಲೇಡಿನಿಂದ ಅಂಚು ಬಿಡಿಸುತ್ತ ಬಂದೆ. ಕೈ ಒಂದು ಎಳೆ ಜಾರಿದರೂ ಬ್ಲೇಡು ಟೇಪಿಗೆ ತಾಗುತ್ತದೆ. ಚಿಪ್ಪು ಬಿಟ್ಟಾಗ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡಿತು. ಕನ್ನಡಕ ಒರೆಸುವ ಬಟ್ಟೆಯಿಂದ ಉಸಿರು ಬಿಗಿಹಿಡಿದು ಒರೆಸಿದೆ. ನನ್ನ ಹಳೆಯ ಡಬ್ಬದಲ್ಲಿ ಸ್ಕ್ರೂ ಇರುವ ಖಾಲಿ ಚಿಪ್ಪೊಂದಿತ್ತು. ಎರಡು ಸುರುಳಿಗಳನ್ನೂ ಎತ್ತಿ ಅದರೊಳಗೆ ಕೂರಿಸಿದೆ. ಹೆಂಡತಿ ಮೂರು ಸಲ ಬಿಸಾಡಲು ನೋಡಿದ ಡಬ್ಬ ಅದು. ಅವಳಿಗೆ ಈ ಸಂಗತಿ ಹೇಳಬೇಕೆಂದುಕೊಂಡೆ.

ನನ್ನಲ್ಲಿ ಒಂದು ಒಳ್ಳೆಯ ಕ್ಯಾಸೆಟ್ ಡೆಕ್ ಉಳಿದಿತ್ತು. ಅದರ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತಾಗಿತ್ತು. ಅದನ್ನು ಕೆರೆದು ತೆಗೆದು ಹೊಸ ಬೆಲ್ಟು ಹಾಕಿ, ಟೇಪಿನ ದನಿ ಓದುವ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ವಯರನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಬಿಸ್ಮಿಲ್ಲಾ ಹೇಳಿ ಎ ಬದಿಯನ್ನು ಓಡಿಸಿದೆ.

ಮೊದಲು ಸುಂಯ್ ಎಂಬ ಸದ್ದು. ಆಮೇಲೆ ಕುಕ್ಕರಿನ ಸೀಟಿ. ಏಸಿಯ ಗುರುಗುರು. ಪಕ್ಕದ ಕೋಣೆಯಿಂದ ಅತ್ತೆ “ಯಲ್ಲಾ, ಊಟಕ್ಕೆ ಬಾ” ಎಂದು ಕರೆಯುವುದು. ಆ ಹುಡುಗಿ ಯಾರೊಡನೆಯೋ ಫೋನಿನಲ್ಲಿ, “ನೋ ಯಾ, ಸ್ಟಿಲ್ ಲೋಡಿಂಗ್. ಐ ಆಮ್ ಸೋ ನರ್ವಸ್” ಎನ್ನುವುದು. ಬದಿ ಮುಗಿಯುವ ತನಕ ಅಷ್ಟೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸತ್ತು ಹೋದವಳ ಮಾತು ಅಷ್ಟು ವರ್ಷ ಪೆಟ್ಟಿಗೆಯಲ್ಲಿ ಬದುಕಿತ್ತು, ಮಗಳು ಊಟಕ್ಕೆ ಎದ್ದು ಹೋಗಿ ಬರುವಷ್ಟರಲ್ಲಿ ಇಲ್ಲವಾಗಿತ್ತು.

ನನಗೆ ಸಿಟ್ಟು ಬಂತು. ಕೈಯಲ್ಲಿರುವ ಫೋನಿನಿಂದ ಜಗತ್ತನ್ನೇ ತಿರುಗಿಸುವ ಮಕ್ಕಳು, ಒಂದು ಗುಂಡಿಯ ಮೇಲೆ ಏನು ಬರೆದಿದೆ ಎಂದು ಓದಬಾರದೇ? ಹಾಗೆಂದು ಒಬ್ಬನೇ ಗೊಣಗುತ್ತ ಕೂತೆ. ಆಮೇಲೆ ಗುಂಡಿಯನ್ನು ನೋಡಿದೆ. ಅಕ್ಷರವೆಲ್ಲ ಬೆರಳು ತಾಗಿ ತಾಗಿ ಅಳಿಸಿಹೋಗಿತ್ತು. ಉಳಿದದ್ದು ಒಂದು ಕೆಂಪು ಚುಕ್ಕೆ. ಅದಕ್ಕೆ ಅರ್ಥ ಕೊಟ್ಟವರು ನಾವು, ಅವಳಿಗೆ ಹೇಳಿಕೊಡದೆ ಬಿಟ್ಟವರೂ ನಾವು. ಸಿಟ್ಟು ಇಳಿಯಿತು.

ಬಿ ಬದಿ ಮುಟ್ಟುವ ಮೊದಲು ದುಕ್ಮಿಗೆ ಫೋನ್ ಮಾಡಿದೆ. ಹುಡುಗಿ ಅಪ್ಪನ ನಂಬರು ಕೊಟ್ಟಿದ್ದಳು. ತೂತಿಗೆ ಅಂಟಿಸಿದ ಟೇಪಿನ ವಿಷಯ ಕೇಳಿದಾಗ ಆ ಕಡೆಯಿಂದ ಯಂತ್ರಗಳ ಗದ್ದಲದ ನಡುವೆ ಒಂದು ಸಣ್ಣ ಸ್ವರ ಬಂತು.

“ಹೌದ್ ಸಾಯ್ಬ್ರೆ, ಟೇಪ್ ಅಂಟ್ಸಿದ್ದ್ ನಾನೇ. ಕೊಂಡಿ ಮುರ್ದದ್ದ್ ನನ್ನ ಹೆಂಡ್ತಿ. ಅಳ್ಸಿ ಹೋಪುಕಾಗ ಅಂದೇಳಿ. ಬಿ ಬದಿಗೆ ಅವ್ಳದ್ದ್ ಸ್ವಲ್ಪವೇ ಇತ್ತ್. ಅಲ್ಲಿ ನಾನ್ ಉತ್ರ ಹೇಳಿ ಅದೇ ಕ್ಯಾಸೆಟ್ ವಾಪಾಸ್ ಕಳ್ಸುವ ಅಂದ್ಕಂಡೆ. ಯಾವ ಕೊಂಡಿ ಯಾವ ಬದಿದ್ ಅಂತ ನಂಗೆ ಗೊತ್ತಾಯ್ಲಿಲ್ಲೆ. ಎರಡಕ್ಕೂ ಅಂಟ್ಸಿಬಿಟ್ಟೆ.”

“ಕಳಿಸಿದ್ರಾ?”

“ಊರಿಗೆ ಹೋಪೋರ್ ಸಿಕ್ಕುದ್ರೊಳ್ಗೆ ಅವ್ಳ್ ಹೋದ ಸುದ್ದಿ ಬಂತ್.”

ಅವರು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಗಲ್ಫಿನಲ್ಲಿದ್ದ ನಮಗೆಲ್ಲ ಆಗ ಕ್ಯಾಸೆಟ್ಟೇ ಕಾಗದ. ಊರಿಂದ ಬರುವವರ ಬ್ಯಾಗಿನಲ್ಲಿ ಹೆಂಡತಿಯ ದನಿ ಬರುತ್ತಿತ್ತು. ಅದನ್ನು ಕೇಳಿ ಕೇಳಿ ಸಾಕಾದ ಮೇಲೆ ಅದರ ಮೇಲೆಯೇ ನಮ್ಮ ಉತ್ತರ ತುಂಬಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆವು. ಉತ್ತರ ಕೊಡಬೇಕಾದರೆ ಬಂದ ಮಾತನ್ನು ಅಳಿಸಬೇಕು. ಅದು ಯಾರಿಗೂ ತಪ್ಪೆಂದು ತೋರುತ್ತಿರಲಿಲ್ಲ, ಇನ್ನೊಂದು ಬಂದೇ ಬರುತ್ತದಲ್ಲ ಎಂಬ ಧೈರ್ಯ. ನನ್ನನ್ನು ಹೆತ್ತ ಉಮ್ಮ ಮಾತಾಡಿದ ಕ್ಯಾಸೆಟ್ಟೂ ಹಾಗೆಯೇ ಹೋಯಿತು. ಇವತ್ತು ಅದನ್ನು ನೆನೆದರೆ ಕೈ ಕೈ ಹಿಸುಕಿಕೊಳ್ಳುವಂತಾಗುತ್ತದೆ.

ಎ ಬದಿ ಏನಾಯಿತೆಂದು ನಾನು ಫೋನಿನಲ್ಲಿ ಹೇಳಲಿಲ್ಲ. ಅವರೂ ಕೇಳಲಿಲ್ಲ. “ಈ ವಾರ ರಜೆ ಸಿಕ್ಕುತ್ತ್. ಬತ್ತೆ” ಎಂದರು.

ಮರುದಿನ ಮಧ್ಯಾಹ್ನ ಬಿ ಬದಿ ಹಾಕಿದೆ. ಶುರುವಿಗೆ ಆ ಮನುಷ್ಯನ ಸ್ವರ, ಆದರೆ ಎಷ್ಟು ಎಳೆಯದು! “ನಾನ್ ಆರಾಮಿದ್ದೆ. ಇಲ್ಲ್ ಸೆಕೆ ಜಾಸ್ತಿ. ಹೆಣ್ಣಿಗೆ ಕಾಲ್ಗೆಜ್ಜೆ ತಕಂಡ್ ಇಟ್ಟಿದ್ದೆ.” ಆಮೇಲೆ ಗಂಟಲು ಸರಿಮಾಡಿದ್ದು. “ಮತ್ತೆಂತ ಹೇಳುದ್... ಮತ್ತೆಂತ ಇಲ್ಲೆ.” ಟಕ್. ಅಷ್ಟೇ ಉತ್ತರ. ಅವರ ಜೊತೆಯವರು ಅರ್ಧ ಕ್ಯಾಸೆಟ್ಟು ಹರಟುತ್ತಿದ್ದ ಕಾಲದಲ್ಲಿ ಇವರು ನಾಲ್ಕು ಮಾತಿಗೆ ಮುಗಿಸಿದ್ದರು. ಮಾತು ಬಾರದ ಗಂಡ ಎಂದು ಆ ಹೆಣ್ಣುಮಗಳು ಎಷ್ಟು ಬೇಸರಪಟ್ಟಿದ್ದಳೋ ಏನೋ. ಆದರೆ ಅವರು ಬೇಗ ಮುಗಿಸಿದ್ದರಿಂದಲೇ ಅದರ ಮುಂದಿನ ತುಂಡು ಅಳಿಯದೆ ಉಳಿದಿತ್ತು.

ಟಕ್ ಎಂದದ್ದರ ಬೆನ್ನಿಗೇ ಒಬ್ಬ ಹೆಂಗಸು ಮಾತಿನ ನಡುವೆ ಕೇಳಿಸಿದಳು.

“...ಅಪ್ಪಯ್ಯ ಅನ್. ಅ-ಪ್ಪ-ಯ್ಯ.” ಮಗುವಿನ ತೊದಲು, “ಅಪ್ಪಾ.” ಅವಳು ನಕ್ಕಳು. “ಹ್ವಾಯ್, ಕೇಂಡ್ತಾ? ನಿಮ್ಮನ್ನೇ ಕರುದ್.” ಬಳೆಯ ಸದ್ದು. ಆಮೇಲೆ ಸ್ವರ ಸ್ವಲ್ಪ ದೂರ ಸರಿದು, ಹುಸಿಸಿಟ್ಟಿನಲ್ಲಿ, “ಏ ಹೆಣ್ಣೇ, ಅದನ್ ಮುಟ್ಬೇಡ. ಆ ಕೆಂಪ್ ಗುಂಡಿ ಮುಟ್ಬೇಡ. ನಿನ್ನೆ ಅದನ್ನೇ ಒತ್ತಿ ಅಮ್ಮ ಹೇಳದ್ದೆಲ್ಲ ಅಳ್ಸಿ ಹಾಕಿದ್ಯಲ್ಲ!”

ಅಲ್ಲಿಗೆ ದನಿ ಸೊಟ್ಟಗಾಗಿ ಗೊರಗೊರ ಎಂದಿತು. ಟೇಪು ರೋಲರಿಗೆ ಸುತ್ತಿಕೊಳ್ಳುವ ಸದ್ದು ನನಗೆ ಗೊತ್ತು. ಧಡಕ್ಕನೆ ಸ್ಟಾಪ್ ಒತ್ತಿದೆ. ಬಾಗಿಲು ತೆಗೆದು ಪೆನ್ಸಿಲಿನಿಂದ ನಿಧಾನಕ್ಕೆ ಹಿಂದೆ ಸುತ್ತಿದೆ. ಗೇಣುದ್ದ ಟೇಪು ಮೊದಲೇ ಎಂದೋ ಸುಕ್ಕಾಗಿತ್ತು, ಈಗ ಅದರ ಅಂಚಿನಲ್ಲಿ ಒಂದು ಸಣ್ಣ ಹರಕು ಬೇರೆ ಬಿದ್ದಿತ್ತು.

ಇನ್ನೊಮ್ಮೆ ಓಡಿಸಿದರೆ ತುಂಡಾಗಬಹುದಿತ್ತು. ನಾನು ಓಡಿಸಲಿಲ್ಲ. ಬಂದಷ್ಟು ಲ್ಯಾಪ್‌ಟಾಪಿನಲ್ಲಿತ್ತು, ಅದನ್ನು ಮತ್ತೆ ಮತ್ತೆ ಕೇಳಿದೆ. ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ತಾಯಿ ಮಗಳಿಗೆಂದು ಆಡಿದ ಮಾತು ಇಷ್ಟೇ ಉಳಿದದ್ದು, ಅದೂ ಕೆಂಪು ಗುಂಡಿ ಒತ್ತಬೇಡ ಎಂದು. ಇದನ್ನು ಕೇಳಿದ ಕೂಡಲೇ ಆ ಹುಡುಗಿಗೆ ತಾನು ಏನು ಮಾಡಿದೆ ಎಂಬುದು ಗೊತ್ತಾಗುತ್ತದೆ. ಜೀವಮಾನವಿಡೀ ಅದನ್ನು ಹೊತ್ತು ತಿರುಗುತ್ತಾಳೆ. ಮೌಸು ಹಿಡಿದು ಆ ಮಾತಿನ ಶುರು, ಕೊನೆ ಗುರುತು ಹಾಕಿ ಕತ್ತರಿಸಿದೆ. ‘ಅಪ್ಪಯ್ಯ’, ನಗು, ‘ಹ್ವಾಯ್, ಕೇಂಡ್ತಾ’ ಇಷ್ಟು ಉಳಿಸಿ ಬೇರೆ ಫೈಲು ಮಾಡಿದೆ. ಇಡೀ ಫೈಲನ್ನು ಅಳಿಸಲು ಮಾತ್ರ ಬೆರಳು ಬಗ್ಗಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ಬಂದು ಅಂಗಡಿ ತೆಗೆದಾಗ ಹೊರಗೆ ಒಬ್ಬರು ನಿಂತಿದ್ದರು. ಬಿಸಿಲಿಗೆ ಸುಟ್ಟ ಮುಖ, ಇಸ್ತ್ರಿ ಹಾಕಿದ ಅಂಗಿ. ಕಂಪನಿ ಬಸ್ಸಿಳಿದು ತಂಗಿಯ ಮನೆಗೂ ಹೋಗದೆ ಮಗಳ ಕಾರಿನಲ್ಲಿ ನೇರ ಬಂದಿದ್ದರು. ಮಗಳು ಕಾರು ನಿಲ್ಲಿಸಲು ಜಾಗ ಹುಡುಕಲು ಹೋಗಿದ್ದಾಳೆ ಎಂದರು. ಹೇಳುವುದಿದ್ದರೆ ಈಗಲೇ ಹೇಳಬೇಕಿತ್ತು. ಎ ಬದಿಯ ಕಥೆಯನ್ನೂ ಕೆಂಪು ಗುಂಡಿಯ ಕಥೆಯನ್ನೂ ಹೇಳಿದೆ. ಇಯರ್‌ಫೋನ್ ಕೊಟ್ಟು ಇಡೀ ಫೈಲು ಕೇಳಿಸಿದೆ.

ಅವರು ಗೋಡೆ ನೋಡುತ್ತ ಕೇಳಿದರು. ಇಯರ್‌ಫೋನ್ ತೆಗೆದು, “ನಾ ಟೇಪ್ ಅಂಟ್ಸದಿದ್ರೆ ಅವ್ಳಿಗೆ ಒತ್ತುಕೆ ಆತಿರಲಿಲ್ಲೆ” ಎಂದರು.

“ಅದು ಬಿಡಿ ಮಾರಾಯ್ರೆ. ಆ ಕೆಂಪು ಗುಂಡಿಯ ಮಾತು ನಾನು ತೆಗೆದಿದ್ದೇನೆ. ಅವಳಿಗೆ ಗೊತ್ತಾಗುವುದು ಬೇಡ. ಅಲ್ವಾ?”

ಅವರು ಇಯರ್‌ಫೋನನ್ನು ಮೇಜಿನ ಮೇಲೆ ಇಟ್ಟರು. “ಉಳ್ದದ್ದೆಲ್ಲ ನಂಗೆ ಹೇಳದ್ದ್ ಸಾಯ್ಬ್ರೆ. ಹೆಣ್ಣಿಗೆ ಅಂತ ಹೇಳದ್ದ್ ಅದೊಂದೇ. ಅದನ್ನೇ ತೆಗ್ದ್ರೆ ಅವ್ಳಿಗೆ ಎಂತ ಉಳೀತ್?” ಎಂದರು. ಸ್ವಲ್ಪ ತಡೆದು, “ಅದ್ರ ಮುಂದೆ ಎಂತದೋ ಇತ್ತ್. ಆಗ ಕೇಂಡಿದ್ದೆ. ಎಂತದ್ ಅಂತ ನೆನಪಿಲ್ಲೆ. ಓಡ್ಸಿ ಕಾಣಿ.”

“ಹರಿದುಹೋದರೆ?”

“ಹರ್ದ್ರೆ ನನ್ನ ಹಣೆಬರ. ಓಡ್ಸಿ.”

ಮಾತು ಬಾರದ ಮನುಷ್ಯ ಇಷ್ಟು ಹೇಳಿದ್ದೇ ಹೆಚ್ಚು. ಆದರೆ ಓಡಿಸುವ ಕೈ ನನ್ನದು. ಹರಿದರೆ ಜಗತ್ತಿನಲ್ಲಿ ಆ ತಾಯಿಯ ಮಾತಿನ ಕೊನೆಯ ತುಣುಕನ್ನು ಹಾಳುಮಾಡಿದವನು ನಾನಾಗುತ್ತೇನೆ. ಓಡಿಸದಿದ್ದರೆ, ಆ ಸುಕ್ಕಿನೊಳಗೆ ಏನಿತ್ತೆಂದು ಮೂವರಿಗೂ ಕೊನೆತನಕ ಗೊತ್ತಾಗುವುದಿಲ್ಲ. ಕೂತು ಕೆಲಸ ಶುರುಮಾಡಿದೆ.

ಸುಕ್ಕಾದ ತುಂಡನ್ನು ಹೊರಗೆಳೆದು ಗಾಜಿನ ಮೇಲೆ ಹರಡಿದೆ. ಚಹಾ ಚಮಚದ ಬೆನ್ನಿನಿಂದ, ಮಗುವಿನ ಬೆನ್ನು ಸವರಿದ ಹಾಗೆ, ಒಂದೇ ದಿಕ್ಕಿಗೆ ಸವರಿದೆ. ಅಂಚಿನ ಹರಕಿಗೆ ಹಿಂಬದಿಯಿಂದ ಟೇಪು ಜೋಡಿಸುವ ಪಟ್ಟಿಯ ತೆಳುಚೂರು ಅಂಟಿಸಿದೆ. ಈ ಕೆಲಸಕ್ಕೆ ಸೆಲ್ಲೋ ಟೇಪು ಆಗದು, ಅದರ ಅಂಟು ಬೆವರಿ ಪಕ್ಕದ ಸುತ್ತಿಗೆಲ್ಲ ಹಿಡಿಯುತ್ತದೆ. ಅಷ್ಟರಲ್ಲಿ ಹುಡುಗಿ ಒಳಗೆ ಬಂದಳು. ಅಪ್ಪನ ಪಕ್ಕ ನಿಂತು ನನ್ನ ಕೈಯನ್ನೇ ನೋಡಿದಳು.

“ವಾವ್, ಇದರ ಒಳಗೆ ರಿಬ್ಬನ್ ಉಂಟಾ? ನಾನು ಚಿಪ್ ಇರ್ತದೆ ಅಂದುಕೊಂಡಿದ್ದೆ” ಎಂದಳು. “ಅಮ್ಮ ಎಲ್ಲಿದ್ದಾಳೆ ಇದರಲ್ಲಿ?”

ನಾನು ಚಮಚದ ತುದಿಯಿಂದ ಆ ಕಂದು ಪಟ್ಟಿಯನ್ನು ತೋರಿಸಿದೆ. ಅವಳು ಬಗ್ಗಿ ನೋಡಿದಳು. ಮುಟ್ಟಲು ಕೈ ಮುಂದೆ ಮಾಡಿ ಹಿಂದೆ ತೆಗೆದಳು.

ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕಿ, ಹೆಡ್ಡಿನ ಸಣ್ಣ ಸ್ಕ್ರೂ ತಿರುಗಿಸಿ ದನಿಗೆ ಹೊಂದಿಸಿಕೊಂಡೆ. ಸ್ಪೀಕರು ಹಾಕಿದೆ. “ಒಂದೇ ಸಲ ಮಗಳೇ. ಮತ್ತೆ ಇದನ್ನು ಓಡಿಸುವುದಿಲ್ಲ, ಕಂಪ್ಯೂಟರಿನಲ್ಲಿರುವುದನ್ನು ಕೇಳಬಹುದು” ಎಂದು ಹೇಳಿ ಪ್ಲೇ ಒತ್ತಿದೆ.

ಮೊದಲು ಅಪ್ಪನ ಉತ್ತರ. “ಮತ್ತೆಂತ ಇಲ್ಲೆ” ಎಂಬುದನ್ನು ಕೇಳಿ ಮಗಳು ಅಪ್ಪನ ಮುಖ ನೋಡಿ ಸ್ವಲ್ಪ ನಕ್ಕಳು. ಟಕ್. “ಅಪ್ಪಯ್ಯ ಅನ್.” ಅವಳ ಕೈ ಬಾಯಿಗೆ ಹೋಯಿತು. ನಗು, ಬಳೆ, ಹ್ವಾಯ್. ಆಮೇಲೆ ಆ ಮಾತು ಬಂತು, ಕೆಂಪ್ ಗುಂಡಿ ಮುಟ್ಬೇಡ, ಅಮ್ಮ ಹೇಳದ್ದೆಲ್ಲ ಅಳ್ಸಿ ಹಾಕಿದ್ಯಲ್ಲ. ಕುಂದಾಪುರದ ಮಾತು ಅವಳಿಗೆ ಅರ್ಧಂಬರ್ಧ ಬರುತ್ತಿತ್ತು, ಇದಕ್ಕೆ ಆ ಅರ್ಧವೇ ಸಾಕಾಯಿತು. ಅವಳು ನಾನು ಬದಿಗಿಟ್ಟಿದ್ದ ತನ್ನ ರೆಕಾರ್ಡರನ್ನು ನೋಡಿದಳು. ಆ ಕೆಂಪು ಚುಕ್ಕೆಯನ್ನು ನೋಡಿದಳು. “ಅಂಕಲ್, ಲೋಡಿಂಗ್...” ಎಂದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಅದನ್ನು ನೋಡಲಾರದೆ ನಾನು ತಿರುಗುವ ಚಕ್ರದ ಮೇಲೆ ಕಣ್ಣಿಟ್ಟೆ. ಸುಕ್ಕಿನ ಜಾಗ ಹೆಡ್ಡಿನ ಹತ್ತಿರ ಬರುತ್ತಿತ್ತು.

ದನಿ ಒಮ್ಮೆ ಅದುರಿತು. ಹರಿಯಲಿಲ್ಲ. ಮಗು ಅಳುವ ಸದ್ದು. ಅದರ ಮೇಲೆ ತಾಯಿಯ ಸ್ವರ, ಈಗ ತೀರಾ ಹತ್ತಿರದಲ್ಲಿ, ಮಗುವನ್ನು ಎತ್ತಿಕೊಂಡಿರಬೇಕು.

“ಅಡ್ಡಿಲ್ಲೆ, ಅಡ್ಡಿಲ್ಲೆ ಮಗಾ. ಮರ್ಕ್‌ಬೇಡ. ನಾನ್ ಇನ್ನೊಂದ್ ಸಲ ಹೇಳ್ತೆ.”

ಅಷ್ಟೇ. ಮುಂದೆ ಸುಂಯ್ ಎಂಬ ಸದ್ದು.

ಹುಡುಗಿಯ ಕಣ್ಣಿಂದ ನೀರು ಇಳಿಯುತ್ತಿತ್ತು. “ಪಪ್ಪ, ಅಡ್ಡಿಲ್ಲೆ ಅಂದ್ರೆ ಎಂತ?” ಎಂದು ಕೇಳಿದಳು.

ಅವರು ನನ್ನ ಕಡೆ ಕೈ ತೋರಿಸಿದರು. ಅವಳು ನನ್ನತ್ತ ತಿರುಗಿದಳು. “ಪರವಾಗಿಲ್ಲ ಅಂತ” ಎಂದೆ. “ಅಳಬೇಡ, ಇನ್ನೊಮ್ಮೆ ಹೇಳ್ತೇನೆ ಅಂತ.”

ಅವಳು ಅಪ್ಪನ ತೋಳು ಹಿಡಿದು ಸ್ಪೀಕರಿನ ಹತ್ತಿರ ಬಗ್ಗಿದಳು. ಆ ಕಡೆ ಏನೂ ಇಲ್ಲವೆಂದು ಮೂವರಿಗೂ ಗೊತ್ತಿತ್ತು. ಆದರೂ, ಬದಿ ಮುಗಿದು ಗುಂಡಿ ಟಕ್ಕೆಂದು ತಾನಾಗಿ ಮೇಲೆ ಬರುವ ತನಕ, ನಮ್ಮಲ್ಲಿ ಯಾರೂ ಸ್ಟಾಪ್ ಒತ್ತಲಿಲ್ಲ.